ದೂರದ ಗುರಿಗೆ ಯಾವ ತೋಟಾ?

ದೊಡ್ಡಹಬ್ಬಕ್ಕೆ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಅತ್ತೆ ಮಗ ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದ. ಅದರಲ್ಲಿ ಅಮೆರಿಕದವನೊಬ್ಬ ಒಂದು ಕಿಲೋಮೀಟರ್ ದೂರದ ಕಬ್ಬಿಣದ ತಟ್ಟೆಗೆ ಗುಂಡು ಹೊಡೆಯುತ್ತಿದ್ದ. "ಭಾವ, ಆ ತೋಟಾ ಯಾವ್ದು? ನಮ್ಮಲ್ಲಿ ಸಿಗ್ತದಾ?" ಅಂತ ಕೇಳಿದ. ಅವನು ಏರ್ ರೈಫಲ್ ಕಲಿತು ಈಗ ಪಾಯಿಂಟ್ ಟೂ ಟೂ (.22) ರೈಫಲ್ ಹಿಡಿಯುತ್ತಿದ್ದಾನೆ. ಈ ಪ್ರಶ್ನೆ ಅವನೊಬ್ಬನದಲ್ಲ. ಕೋವಿ ಲೈಸೆನ್ಸ್ ಇರುವ ಮನೆಗಳಲ್ಲೆಲ್ಲ ಈಗ ಇದೇ ಮಾತು.

ಬೇಟೆ ವಿಚಾರ ಮೊದಲೇ ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ತೋಟಕ್ಕೆ ಹಂದಿ ನುಗ್ಗಿತು ಅಂತ ನಾವೇ ಈಡು ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆಂದೇ ಕೊಟ್ಟ ಕೋವಿ ಕೈಯಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಯ ಲೆಕ್ಕ. ಬೇಟೆಯ ತೋಟಾ ಅಂತ ಓದುವುದೆಲ್ಲ ಹೊರದೇಶದ ಮಾತು. ಅಲ್ಲಿನ ಬೇಟೆಯ ಗುಂಡಿನ ಮೂತಿ ಮೆತ್ತಗಿರುತ್ತದೆ, ತಗುಲಿದ ಕೂಡಲೇ ಅರಳುತ್ತದೆ. ಗುರಿಯ ಗುಂಡು ಅರಳಬೇಕಿಲ್ಲ, ಒಂದೇ ತೂತಿಗೆ ಮತ್ತೆ ಮತ್ತೆ ಹೋದರೆ ಸಾಕು.

ಮೊದಲು ಜಾಗ ನೋಡಿ

ತೋಟಾ ಆರಿಸುವುದು ಅಂಗಡಿಯಲ್ಲಿ ಶುರುವಾಗುವುದಿಲ್ಲ. ನೀವು ಎಷ್ಟು ದೂರಕ್ಕೆ ಹೊಡೆಯುತ್ತೀರಿ, ಗುಂಡು ಎಲ್ಲಿ ನಿಲ್ಲುತ್ತದೆ ಎಂಬಲ್ಲಿಂದ ಶುರು. ನಮ್ಮ ಮಲೆನಾಡಿನಲ್ಲಿ ಇನ್ನೂರು ಮೀಟರ್ ಕಣ್ಣಿಗೆ ನೇರ ಕಾಣುವ ಜಾಗ ಹುಡುಕುವುದೇ ಕಷ್ಟ. ಅಡಿಕೆ ತೋಟ, ಅದರಾಚೆ ಹುಲ್ಲಿನ ಬ್ಯಾಣ, ಅದರಾಚೆ ಇನ್ನೊಬ್ಬರ ಮನೆ. ಪಾಯಿಂಟ್ ಟೂ ಟೂ ಅಂದರೆ ಆಟಿಕೆ ಅಂದುಕೊಳ್ಳುವವರಿದ್ದಾರೆ. ಆ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಅದಕ್ಕಿಂತ ದೊಡ್ಡದಾದ ತ್ರೀ ನಾಟ್ ಎಯ್ಟ್ (.308) ಗುಂಡು ಮೂರೂವರೆ ಕಿಲೋಮೀಟರನ್ನೂ ಮೀರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇರುವ, ಅನುಮತಿ ಪಡೆದ ರೇಂಜ್ ಬಿಟ್ಟು ಬೇರೆಲ್ಲೂ ಹೊಡೆಯಬೇಡಿ.

ಆಮೇಲೆ ಲೈಸೆನ್ಸ್ ಪುಸ್ತಕ

4.5 ಮಿಲಿಮೀಟರ್ ಬೋರಿನ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ), 20 ಜೂಲ್ ಶಕ್ತಿಯ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಉಳಿದದ್ದಕ್ಕೆ ಬೇಕು. ಸೈನ್ಯದ ತೋಟಾ ಹಾಕಬಹುದಾದ .303, 7.62 ಇವೆಲ್ಲ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದು .22, .315, .30-06 ಇಂಥವು. ವಿಡಿಯೋದಲ್ಲಿ ಕಂಡದ್ದೆಲ್ಲ ನಮ್ಮ ಅಂಗಡಿಯಲ್ಲಿ ಇರುವುದಿಲ್ಲ. ಒಬ್ಬರ ಹೆಸರಲ್ಲಿ ಎಷ್ಟು ತೋಟಾ ಕೊಳ್ಳಬಹುದು ಎಂಬುದೂ ಪುಸ್ತಕದಲ್ಲೇ ಬರೆದಿರುತ್ತದೆ.

ಹೆಸರುಗಳಲ್ಲಿ ಗೊಂದಲ ಜಾಸ್ತಿ. .30-06 ಅಂದರೆ ಇಂಚಿನ ನೂರರಲ್ಲಿ ಮೂವತ್ತು ಭಾಗದ ಬೋರ್, 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡದ್ದು. 1952ರಲ್ಲಿ ಬಂದ .308ರ ಗುಂಡೂ ಅಷ್ಟೇ ದಪ್ಪ. ಆದರೆ ಮದ್ದು ತುಂಬಿದ ಚಿಪ್ಪಿನ ಉದ್ದ .30-06ರದ್ದು 63 ಮಿಲಿಮೀಟರ್, .308ರದ್ದು 51. ಗುಂಡು ಒಂದೇ ಗಾತ್ರ ಅಲ್ವಾ ಅಂತ ಒಂದರದ್ದು ಇನ್ನೊಂದಕ್ಕೆ ತುರುಕಿದರೆ ಕೈ, ಕಣ್ಣು ಎರಡೂ ಹೋದಾವು. ನಳಿಗೆಯ ಮೇಲೆ ಕೆತ್ತಿದ್ದನ್ನೂ ಚಿಪ್ಪಿನ ಬುಡದಲ್ಲಿ ಒತ್ತಿದ್ದನ್ನೂ ಅಕ್ಷರ ಅಕ್ಷರ ಹೋಲಿಸಿ.

ಗುಂಡಿನ ಗುಣ

ಗುಂಡಿನ ತೂಕ ಹೇಳುವುದು ಗ್ರೇನ್‌ನಲ್ಲಿ. ಎರಡು ಗ್ರೇನ್ ಅಂದರೆ ಹೆಚ್ಚುಕಡಿಮೆ ಒಂದು ಗುಲಗಂಜಿ. ಪಾಯಿಂಟ್ ಟೂ ಟೂ ಗುಂಡು ಸಾಮಾನ್ಯವಾಗಿ 40 ಗ್ರೇನ್.

ಭಾರ ಇದ್ದರೆ ದೂರ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. .308ರ 168 ಗ್ರೇನ್ ಗುಂಡೂ 6.5 ಕ್ರೀಡ್‌ಮೋರ್ ಎಂಬ ಇನ್ನೊಂದು ತೋಟಾದ 140 ಗ್ರೇನ್ ಗುಂಡೂ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 825 ಮೀಟರ್ ವೇಗದಲ್ಲಿರುತ್ತವೆ. ಕ್ರೀಡ್‌ಮೋರ್ ಗುಂಡು ಹಗುರ, ಭುಜಕ್ಕೆ ಒದೆಯೂ ಕಡಿಮೆ. ಆದರೂ ದೂರದಲ್ಲಿ ಅದೇ ಮುಂದೆ. ಏಕೆಂದರೆ ಅದು ಸಪೂರ, ಉದ್ದ, ಮೂತಿ ಚೂಪು, ಹಿಂಭಾಗ ದೋಣಿಯಂತೆ ಕಿರಿದು. ಗಾಳಿ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ. .308ರ ಆ ಗುಂಡು ಸಾವಿರ ಗಜದ ಹೊತ್ತಿಗೆ ಶಬ್ದದ ವೇಗದ ಹತ್ತಿರಕ್ಕೆ ಇಳಿದಿರುತ್ತದೆ. ಆ ಗಡಿಯಲ್ಲಿ ಸುಸ್ತಾದ ಬುಗುರಿಯಂತೆ ಓಲಾಡಲು ಶುರುಮಾಡುತ್ತದೆ.

ಬುಗುರಿ ಅಂದೆನಲ್ಲ, ಗುಂಡನ್ನು ತಿರುಗಿಸುವುದು ನಳಿಗೆಯೊಳಗಿನ ಸುರುಳಿ ಗೀರು. ಉದ್ದ ಗುಂಡಿಗೆ ಬಿಗಿ ಸುರುಳಿ ಬೇಕು. 6.5 ಕ್ರೀಡ್‌ಮೋರ್‌ನಲ್ಲಿ ಎಂಟು ಇಂಚಿಗೆ ಒಂದು ಸುತ್ತು, ಪಾಯಿಂಟ್ ಟೂ ಟೂನಲ್ಲಿ ಹದಿನಾರು ಇಂಚಿಗೆ ಒಂದು. ನಿಮ್ಮ ರೈಫಲ್‌ನ ಸುರುಳಿ ಎಷ್ಟು ಅಂತ ತಿಳಿಯದೆ ಭಾರದ ಗುಂಡು ತಂದರೆ ಅದು ಮಗುಚಿ ಕಾಗದದಲ್ಲಿ ಅಡ್ಡಡ್ಡ ತೂತು ಬಿದ್ದೀತು.

ಗುಂಡು ಬೀಳುವುದನ್ನೂ ಲೆಕ್ಕ ಹಾಕಿ. 50 ಮೀಟರ್‌ಗೆ ಗುರಿ ಹೊಂದಿಸಿದ ಪಾಯಿಂಟ್ ಟೂ ಟೂ, 100 ಮೀಟರ್‌ನಲ್ಲಿ ಒಂದು ಗೇಣು ಕೆಳಗೆ ಹೊಡೆಯುತ್ತದೆ. 100 ಮೀಟರ್‌ಗೆ ಹೊಂದಿಸಿದ .308, 500 ಮೀಟರ್‌ನಲ್ಲಿ ಎರಡು ಮೀಟರ್ ಹತ್ತಿರ ಇಳಿದಿರುತ್ತದೆ, ಅಂದರೆ ಒಂದಾಳು ಎತ್ತರಕ್ಕಿಂತ ಜಾಸ್ತಿ. ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: ಮಳೆಗಾಲದ ಗಾಳಿ ಭಾರ, ಗುಂಡು ಬೇಗ ಬೀಳುತ್ತದಾ? ಇಲ್ಲ. ತೇವದ ಗಾಳಿ ಒಣ ಗಾಳಿಗಿಂತ ಕೂದಲೆಳೆಯಷ್ಟು ಹಗುರವೇ.

ಕಾಗದದ ಮೇಲೆ ಪರೀಕ್ಷೆ

ಇದನ್ನೇ ಎಲ್ಲರೂ ಬಿಡುವುದು. ಪೆಟ್ಟಿಗೆಯ ಮೇಲೆ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಲಾಟ್‌ನಿಂದ ಒಂದೊಂದು ಪೆಟ್ಟಿಗೆ ತನ್ನಿ. ರೈಫಲ್‌ಗೆ ಮರಳು ಚೀಲದ ಆಸರೆ ಕೊಡಿ. ಲಾಟ್ ಬದಲಿಸಿದಾಗ ಮೊದಲ ಐದಾರು ಗುಂಡು ಲೆಕ್ಕಕ್ಕಿಲ್ಲ, ನಳಿಗೆ ಹೊಸದಕ್ಕೆ ಒಗ್ಗಿಕೊಳ್ಳಲಿ. ಆಮೇಲೆ ಒಂದೊಂದು ಕಾಗದಕ್ಕೆ ಹತ್ತು ಹತ್ತು ಗುಂಡು. ಮೂರೇ ಗುಂಡು ಹೊಡೆದು ತೀರ್ಮಾನ ಮಾಡಬೇಡಿ, ಮೂರು ಗುಂಡು ಅದೃಷ್ಟಕ್ಕೂ ಒಟ್ಟಿಗೆ ಬೀಳುತ್ತವೆ. ಗುರಿಯ ನಡುವೆ ಬಿತ್ತಾ ಅಂತ ನೋಡಬೇಡಿ. ಗುಂಪು ಎಷ್ಟು ಬಿಗಿ ಅಂತ ನೋಡಿ, ನಡುವಿಗೆ ತರುವುದು ಆಮೇಲಿನ ಮಾತು.

ಅತ್ತೆ ಮಗನ ಜೊತೆ ಒಂದು ಬೆಳಗ್ಗೆ ಹೀಗೇ ಕೂತಿದ್ದೆ. ಒಂದೇ ಕಂಪನಿ, ಒಂದೇ ಬೆಲೆ, ಲಾಟ್ ಮಾತ್ರ ಬೇರೆ. ಒಂದರ ಹತ್ತು ಗುಂಡು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಇನ್ನೊಂದು ನಿಂಬೆಹಣ್ಣಿನಗಲ ಚೆದುರಿತು. 50 ಮೀಟರ್ ಸ್ಪರ್ಧೆಯಲ್ಲಿ ಹತ್ತರ ವೃತ್ತ ಬರೀ 10.4 ಮಿಲಿಮೀಟರ್, ಒಂದು ಬಟಾಣಿಯಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ದೂರದಲ್ಲಿ, ಇದೇ ಪುಟ್ಟ ತೋಟಾದಲ್ಲಿ. ಒಂದು ಕಿಲೋಮೀಟರ್ ಕನಸು ಕಾಣುವವರಿಗೆ ನನ್ನ ಸಲಹೆಯೂ ಅದೇ: ಎರಡು ವರ್ಷ ಪಾಯಿಂಟ್ ಟೂ ಟೂ.

ಮಳೆಗಾಲಕ್ಕೆ

ನಮ್ಮಲ್ಲಿ ಜೂನ್ ಬಂತೆಂದರೆ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ತೋಟಾ ಯಾವ ಲೆಕ್ಕ? ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಹೊರಗೆ ಬೀಗ. ಒಲೆಯ ಅಟ್ಟದ ಮೇಲೆ ಖಂಡಿತ ಬೇಡ. ಚಿಪ್ಪಿಗೆ ಹಸಿರು ಕಿಲುಬು ಹತ್ತಿದ್ದರೆ ಹೊಡೆಯಬೇಡಿ. ಒರೆಸಲು ಎಣ್ಣೆ ಬಟ್ಟೆಯೂ ಬೇಡ, ಎಣ್ಣೆ ಕಿಡಿ ಹತ್ತಿಸುವ ಕೇಪಿನೊಳಗೆ ಇಳಿದು ಅದನ್ನು ಕೆಡಿಸುತ್ತದೆ.

ಟ್ರಿಗರ್ ಎಳೆದಾಗ ಬರೀ ಟಕ್ ಅಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಹಾಗೇ ಇರಿ. ಒದ್ದೆ ಮದ್ದು ಕೆಲವೊಮ್ಮೆ ತಡವಾಗಿ ಹತ್ತಿಕೊಳ್ಳುತ್ತದೆ. ಆ ದಿನ ಅತ್ತೆ ಮಗನದ್ದೂ ಒಂದು ಟಕ್ ಅಂತು. "ಏನಾಯ್ತು ಅಂತ ತೆಗೆದು ನೋಡ್ಲಾ ಭಾವ?" ಅಂದ. ನಾನು ಅವನ ಕೈ ಹಿಡಿದುಕೊಂಡು ಒಂದರಿಂದ ಮೂವತ್ತರವರೆಗೆ ಎಣಿಸಿದೆ.