ನಗದು ಪುಸ್ತಕ ಜಗಲಿಗೆ ಬಂದ ಮೇಲೆ

“ನಮ್ ಸ್ಕೂಲಿಗೆ ವರ್ಷಕ್ಕೆ ಎಷ್ಟು ದುಡ್ಡು ಬರುತ್ತೆ ಮೇಷ್ಟ್ರೆ?”

2018ರ ಜುಲೈ ತಿಂಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಾಯಿ ಹೀಗೆ ಕೇಳಿದರು. ನಾನು ಆ ಹಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕನಾಗಿ ಬಂದು ಒಂದು ತಿಂಗಳಾಗಿತ್ತು. ಒಂದರಿಂದ ಏಳನೇ ತರಗತಿ, 104 ಮಕ್ಕಳು, ನನ್ನನ್ನೂ ಸೇರಿಸಿ ಐದು ಜನ ಶಿಕ್ಷಕರು. ಬೀರುವಿನಲ್ಲಿ ನಗದು ಪುಸ್ತಕ ಇತ್ತು, ಹಿಂದಿನವರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಆದರೆ ಆ ತಾಯಿಗೆ ಹೇಳಬಹುದಾದ ಒಂದು ಮೊತ್ತ ನನ್ನ ಬಾಯಿಗೆ ಬರಲಿಲ್ಲ. ಮುಂದಿನ ಸಭೆಗೆ ತಿಳಿಸುತ್ತೇನೆ ಎಂದೆ. ಆರು ವರ್ಷ ಆ ಶಾಲೆಯಲ್ಲಿ ನಾನು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಆದದ್ದೇ.

ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಸಿರಾ, ಪಾವಗಡ, ಕೊರಟಗೆರೆ ಈ ಕಡೆಗೆ ಸೇರುತ್ತವೆ. ಮೇಲೆ ಉಪನಿರ್ದೇಶಕರು, ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಹತ್ತಾರು ಶಾಲೆಗಳ ಕ್ಲಸ್ಟರ್‌ಗೆ ಒಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಕೊನೆಗೆ ನಾವು. ಕಡಲೆಕಾಯಿ ಬೆಳೆಯುವ ಸೀಮೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಜೊತೆಗೇ ಹೊರಟುಬಿಡುತ್ತಾರೆ. ಶಾಲೆಯ ದುಡ್ಡಿನ ಕಥೆ ಅಲ್ಲಿಂದಲೇ ಶುರು, ಏಕೆಂದರೆ ನಮಗೆ ಬರುವುದೆಲ್ಲ ತಲೆ ಎಣಿಕೆಯ ಮೇಲೆ.

ದೊಡ್ಡ ಖರ್ಚು ಸಂಬಳ. ಅದು ಶಾಲೆಯ ಖಾತೆಯನ್ನು ಮುಟ್ಟುವುದೇ ಇಲ್ಲ. ಬಿಇಒ ಕಚೇರಿಯಲ್ಲಿ ಬಿಲ್ಲಾಗಿ, ಖಜಾನೆಯಿಂದ ನೇರವಾಗಿ ನಮ್ಮ ನಮ್ಮ ಬ್ಯಾಂಕ್ ಖಾತೆಗೆ ಬೀಳುತ್ತದೆ. ಊರವರ ಕಣ್ಣಿಗೆ ಅದು ಕಾಣುವುದಿಲ್ಲ, ಹಾಗಾಗಿ “ಗೌರ್ಮೆಂಟ್ ಶಾಲೆಗೆ ಏನು ಖರ್ಚು ಮಾಡುತ್ತೆ” ಎನ್ನುತ್ತಾರೆ. ಪಠ್ಯಪುಸ್ತಕ, ಸಮವಸ್ತ್ರ, ಅಕ್ಕಿ, ಬೇಳೆ, ಹಾಲಿನ ಪುಡಿ ಇವು ವಸ್ತುವಾಗಿಯೇ ಬರುತ್ತವೆ. ಇವೆಲ್ಲ ಕಳೆದು ಮುಖ್ಯ ಶಿಕ್ಷಕ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಸಹಿಗೆ ಸಿಗುವ ಹಣವೆಂದರೆ ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ. 2018ರಲ್ಲಿ ಸರ್ವ ಶಿಕ್ಷಣ ಅಭಿಯಾನ, ಪ್ರೌಢಶಾಲೆಗಳ ಆರ್‌ಎಂಎಸ್‌ಎ ಮತ್ತು ಶಿಕ್ಷಕರ ಶಿಕ್ಷಣದ ಯೋಜನೆ ಮೂರನ್ನೂ ಒಟ್ಟುಗೂಡಿಸಿ ಮಾಡಿದ ಯೋಜನೆ ಅದು. ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಮಕ್ಕಳ ಸಂಖ್ಯೆ 101ರಿಂದ 250ರವರೆಗೆ ಇದ್ದರೆ ವರ್ಷಕ್ಕೆ 50,000 ರೂಪಾಯಿ, 30ಕ್ಕಿಂತ ಹೆಚ್ಚಿದ್ದು ನೂರರ ಒಳಗಿದ್ದರೆ 25,000. ಅದರಲ್ಲಿ ನೂರಕ್ಕೆ ಹತ್ತರಷ್ಟಾದರೂ ಸ್ವಚ್ಛತೆಗೇ ಹೋಗಬೇಕು.

ಮುಂದಿನ ತಿಂಗಳ ಸಭೆಯಲ್ಲಿ ಇದನ್ನೇ ಹೇಳಿದೆ. ಐವತ್ತು ಸಾವಿರ ಎಂದಾಗ ಯಾರೋ “ಅಷ್ಟೊಂದಾ!” ಎಂದರು. ಸೀಮೆಸುಣ್ಣ, ಹಾಜರಿ ಪುಸ್ತಕ, ಫಿನಾಯಿಲ್, ಪೊರಕೆ, ಮೋಟಾರ್ ರಿಪೇರಿ, ಕರೆಂಟ್ ಬಿಲ್ಲು, ಮುರಿದ ಚಿಲಕ, ಸೋರುವ ಹೆಂಚು ಎಂದು ಒಂದೊಂದಾಗಿ ಓದುತ್ತಾ ಹೋದ ಹಾಗೆ ಸಭೆ ಸುಮ್ಮನಾಯಿತು. ಕರೆಂಟ್ ಬಿಲ್ಲೊಂದೇ ವರ್ಷಕ್ಕೆ ಆರು ಸಾವಿರದ ಹತ್ತಿರ ಹೋಗುತ್ತಿತ್ತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಮುಖ್ಯಮಂತ್ರಿಗಳು ಘೋಷಿಸಿದಾಗ ನನಗಾದ ಸಂತೋಷ ಮುಖ್ಯ ಶಿಕ್ಷಕರಿಗಷ್ಟೇ ಅರ್ಥವಾದೀತು.

ಎರಡನೇ ವರ್ಷವೇ ಪೆಟ್ಟು ಬಿತ್ತು. ಮಳೆ ಇಲ್ಲದೆ ಮೂರು ಮನೆಯವರು ಊರು ಬಿಟ್ಟರು, ಇನ್ನು ನಾಲ್ಕು ಮಕ್ಕಳು ಹಳದಿ ವ್ಯಾನ್ ಹತ್ತಿ ಖಾಸಗಿ ಶಾಲೆಗೆ ಹೋದರು. ಶಾಲೆಗಳ ಅಂಕಿಅಂಶ ಇಡುವ ಯುಡೈಸ್‌ನಲ್ಲಿ ನಮ್ಮ ಸಂಖ್ಯೆ 97 ಎಂದು ದಾಖಲಾಯಿತು. ನೂರರ ಗೆರೆಯಿಂದ ಕೆಳಗೆ ಇಳಿದದ್ದು ಬರೀ ಮೂರು ಮಕ್ಕಳಷ್ಟು, ಆದರೆ ಮುಂದೆ ಬಂದ ಅನುದಾನ ಅರ್ಧಕ್ಕರ್ಧ. ಹೆಂಚು ಅಷ್ಟೇ ಸೋರುತ್ತಿತ್ತು, ಕೊಠಡಿಗಳು ಅಷ್ಟೇ ಇದ್ದವು. ಹೀಗೆ ಗೆರೆ ಎಳೆದು ಕೊಡುವುದು ಸಣ್ಣ ಊರಿನ ಶಾಲೆಗೆ ಅನ್ಯಾಯ ಎಂದು ನಾನು ಅಂದಿನಿಂದಲೂ ಹೇಳುತ್ತಿದ್ದೇನೆ. ಮಕ್ಕಳು ಕಡಿಮೆಯಾದರೆ ಸೀಮೆಸುಣ್ಣ ಒಂದು ಡಬ್ಬಿ ಉಳಿಯಬಹುದು, ಛಾವಣಿ ಕಿರಿದಾಗುವುದಿಲ್ಲ.

ಹುದ್ದೆಯೂ ಇದೇ ಎಣಿಕೆಯ ಮೇಲೆ ನಿಂತಿದೆ. ಪ್ರಾಥಮಿಕ ಹಂತಕ್ಕೆ 30 ಮಕ್ಕಳಿಗೆ ಒಬ್ಬರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಲೆಕ್ಕ. ಸಂಖ್ಯೆ ಇಳಿದರೆ ‘ಹೆಚ್ಚುವರಿ’ ಎಂದು ಒಬ್ಬರನ್ನು ಬೇರೆ ಶಾಲೆಗೆ ಹಾಕುತ್ತಾರೆ. ನಮ್ಮಲ್ಲೂ ಹಾಗೇ ಆಯಿತು, ಗಣಿತದ ಮೇಡಂ ಹೋದರು. ಎರಡು ವರ್ಷ ಅತಿಥಿ ಶಿಕ್ಷಕರ ಮೇಲೆ ನಡೆಸಿದೆವು. ಪಕ್ಕದ ಊರಿನ ಬಿ.ಎಡ್. ಆದ ಹುಡುಗಿ, ಆಗ ತಿಂಗಳಿಗೆ 7,500 ರೂಪಾಯಿ ಗೌರವಧನ, ಆಮೇಲೆ 10,000 ಆಯಿತು. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ. ಆಕೆ ಬಸ್ ಚಾರ್ಜಿಗೆ ಸಾಲ ಮಾಡಿಕೊಂಡು ಬಂದು ಭಿನ್ನರಾಶಿ ಕಲಿಸಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ.

ಜಗಲಿಯ ಕಪ್ಪು ಹಲಗೆಯ ವಿಷಯಕ್ಕೆ ಬರುತ್ತೇನೆ.

ಮೊದಲ ವರ್ಷವೇ ಆಫೀಸ್ ಕೋಣೆಯ ಹೊರಗಿನ ಗೋಡೆಗೆ ಒಂದು ಹಳೆಯ ಹಲಗೆ ತಗುಲಿಹಾಕಿಸಿದೆ. ಪ್ರತಿ ತಿಂಗಳ ಮೊದಲ ಶನಿವಾರ ಮೂರು ಸಾಲು: ಬಂದದ್ದು, ಹೋದದ್ದು, ಉಳಿದದ್ದು. ಹೋದದ್ದರ ಕೆಳಗೆ ಬಿಡಿ ಬಿಡಿಯಾಗಿ ಸಾಮಾನು, ಬೆಲೆ. ಏಳನೇ ತರಗತಿಯ ಮಕ್ಕಳೇ ಓಚರ್ ನೋಡಿ ಬರೆಯುತ್ತಿದ್ದರು, ಕೂಡಿಸಿ ಕಳೆಯುತ್ತಿದ್ದರು. “ಸಾರ್, ಇದೆಲ್ಲಾ ಯಾಕೆ, ಸುಮ್ನೆ ಮಾತಿಗೆ ಕಾರಣ” ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದರು. ಮಾತು ಬಂದೂ ಬಂತು. ನಾಲ್ಕನೇ ತಿಂಗಳು ಒಬ್ಬ ತಂದೆ ಮಗನನ್ನು ಬಿಡಲು ಬಂದವರು ಹಲಗೆ ಮುಂದೆ ನಿಂತುಬಿಟ್ಟರು.

“ಮೇಷ್ಟ್ರೆ, ಒಂದು ನಲ್ಲಿಗೆ ಇನ್ನೂರ ನಲವತ್ತಾ?”

“ಹೌದಪ್ಪ, ಬಿಲ್ಲಿದೆ, ನೋಡಿ.”

“ಬಿಲ್ಲು ಬಿಡಿ. ಇದೇ ಕಂಪನಿದು ನಂಗೆ ನೂರ ಎಂಬತ್ತಕ್ಕೆ ಕೊಡ್ತಾರೆ. ನಾನು ಪ್ಲಂಬಿಂಗ್ ಮಾಡೋನು. ನೀವು ಯಾರನ್ನ ಕೇಳಿ ತಂದ್ರಿ?”

ಯಾರನ್ನೂ ಕೇಳಿರಲಿಲ್ಲ. ಅವತ್ತಿಂದ ನಲ್ಲಿ, ಪೈಪು, ಟ್ಯಾಂಕಿನ ಕೆಲಸ ಅವರದಾಯಿತು. ಸಾಮಾನಿನ ಹಣ ಮಾತ್ರ ತೆಗೆದುಕೊಳ್ಳುತ್ತಿದ್ದರು, ಕೂಲಿ ಬೇಡ ಎನ್ನುತ್ತಿದ್ದರು. ಮುಂದಿನ ಚುನಾವಣೆಯಲ್ಲಿ ಅವರೇ ಅಧ್ಯಕ್ಷರಾದರು. ಎಸ್‌ಡಿಎಂಸಿ ನಮ್ಮ ರಾಜ್ಯದಲ್ಲಿ 2001ರಿಂದ ಇದೆ, ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಸಲಹೆಯಿಂದ ಬಂದದ್ದು. ಈಗ ಆರ್‌ಟಿಇ ಕಾಯ್ದೆಯ ಪ್ರಕಾರ ಮುಕ್ಕಾಲು ಪಾಲು ಸದಸ್ಯರು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಎಷ್ಟೋ ಕಡೆ ನಡಾವಳಿ ಪುಸ್ತಕ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತದೆ, ಸಭೆ ಸೇರುವುದಿಲ್ಲ. ನಮ್ಮಲ್ಲಿ ಹಲಗೆ ಬಂದ ಮೇಲೆ ಜನ ಸಭೆಗೆ ಬರತೊಡಗಿದರು, ಕೇಳುವುದಕ್ಕೆ ಅವರಿಗೆ ಏನೋ ಇತ್ತು.

ನನ್ನದೊಂದು ತಪ್ಪನ್ನೂ ಹೇಳಬೇಕು. 2019ರ ಬೇಸಿಗೆಯಲ್ಲಿ ಒಂದನೇ ತರಗತಿಗೆ ಎರಡು ಫ್ಯಾನ್ ಹಾಕಿಸಿದೆ. ಸ್ವಚ್ಛತೆಗೆ ಮೀಸಲಿದ್ದ ಹಣ ಉಳಿದಿತ್ತು, ಅದರಿಂದಲೇ ಕೊಟ್ಟೆ. ಆಡಿಟ್‌ನಲ್ಲಿ ಆಕ್ಷೇಪಣೆ ಬಂತು. ನ್ಯಾಯವಾಗಿಯೇ ಬಂತು. 3,100 ರೂಪಾಯಿ ಕೈಯಿಂದ ಕಟ್ಟಿದೆ, ಅದನ್ನೂ ಹಲಗೆಯ ಮೇಲೆ ಬರೆಸಿದೆ. ಹೊಸದಾಗಿ ಬಡ್ತಿ ಪಡೆದು ಬರುವ ಮುಖ್ಯ ಶಿಕ್ಷಕರಿಗೆ ನಾನು ಮೊದಲು ಹೇಳುವುದು ಇದನ್ನೇ: ಯಾವ ಶೀರ್ಷಿಕೆಯ ಹಣವೋ ಅದಕ್ಕೇ ಖರ್ಚು, ಠರಾವು ಮೊದಲು, ಖರೀದಿ ಆಮೇಲೆ.

ಹಣ ಬರುವ ಹೊತ್ತೂ ಒಂದು ಸಮಸ್ಯೆ. ಶಾಲೆ ತೆರೆಯುವುದು ಮೇ ಕೊನೆಗೆ, ಕಂತು ಎಷ್ಟೋ ವರ್ಷ ಜನವರಿ, ಫೆಬ್ರವರಿಗೆ ಬಂದದ್ದುಂಟು. ಮೊದಲು ಚೆಕ್ ಇತ್ತು, ಎರಡು ಸಹಿ ಹಾಕಿದರೆ ಆಯಿತು. 2021ರಿಂದೀಚೆಗೆ ಎಲ್ಲ ಪಿಎಫ್‌ಎಂಎಸ್ ಎಂಬ ಕೇಂದ್ರದ ಆನ್‌ಲೈನ್ ಪಾವತಿ ವ್ಯವಸ್ಥೆಯ ಮೂಲಕ. ಹಣ ನಮ್ಮ ಖಾತೆಯಲ್ಲಿ ಕೂರುವುದಿಲ್ಲ, ಖರ್ಚಿನ ಮಿತಿ ಮಾತ್ರ ಕಾಣುತ್ತದೆ, ಮಾರ್ಚ್ 31ರೊಳಗೆ ಬಳಸದಿದ್ದರೆ ಹೋಯಿತು. ಅಂಗಡಿಯವರ ಖಾತೆಗೇ ನೇರ ಪಾವತಿ. ಇದರಿಂದ ಲೆಕ್ಕ ಶುದ್ಧವಾಯಿತು, ನಾನು ಒಪ್ಪುತ್ತೇನೆ. ಆದರೆ ಬೆಂಚು ಸರಿಮಾಡುವ ನಮ್ಮೂರ ಬಡಗಿಗೆ ಬಿಲ್ ಪುಸ್ತಕವೇ ಇರಲಿಲ್ಲ. ಒಂದು ಮಧ್ಯಾಹ್ನ ಕೂತು ಬಿಳಿ ಹಾಳೆಯ ಮೇಲೆ ಓಚರ್ ಹೇಗೆ ಬರೆಯಬೇಕೆಂದು ಅವರಿಗೆ ತೋರಿಸಿಕೊಟ್ಟೆ, ಪಾಸ್‌ಬುಕ್ ಜೆರಾಕ್ಸ್ ಇಟ್ಟುಕೊಂಡೆ. ಜೂನ್‌ನಲ್ಲೇ ಸಭೆ ಸೇರಿಸಿ, ಯಾವುದು ತುರ್ತು, ಯಾವುದು ಕಾಯಬಹುದು ಎಂದು ಪಟ್ಟಿ ಮಾಡಿ, ಕೊಟೇಶನ್ ತರಿಸಿ ಇಟ್ಟುಬಿಡುತ್ತಿದ್ದೆವು. ಫೆಬ್ರವರಿಯಲ್ಲಿ ಹಣ ಬಂದರೂ ಮಾರ್ಚ್‌ನಲ್ಲಿ ಬೇಡದ ಸಾಮಾನು ಕೊಳ್ಳುವ ಪರಿಸ್ಥಿತಿ ಬರಲಿಲ್ಲ.

ಮಧ್ಯಾಹ್ನದ ಬಿಸಿಯೂಟದ, ಅಂದರೆ ಅಕ್ಷರ ದಾಸೋಹದ ಲೆಕ್ಕ ಬೇರೆಯೇ. ಒಂದರಿಂದ ಐದಕ್ಕೆ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಮೇಲಿನ ತರಗತಿಗೆ 150. ತರಕಾರಿಗೆ ಬರುವ ಹಣದ ಖಾತೆ ಆಗ ನನ್ನ ಮತ್ತು ಮುಖ್ಯ ಅಡುಗೆಯವರ ಜಂಟಿ ಹೆಸರಿನಲ್ಲಿತ್ತು. ಆಯಮ್ಮ ನನಗಿಂತ ಚೆನ್ನಾಗಿ ಲೆಕ್ಕ ಇಡುತ್ತಿದ್ದರು, ಕಾಲ ನೋಡಿ ಸೊಪ್ಪು, ಕುಂಬಳಕಾಯಿ ಹಾಕಿ ಉಳಿಸುತ್ತಿದ್ದರು. ಮೊಟ್ಟೆ ಬಂದ ಮೇಲೆ ಕಷ್ಟವಾಯಿತು. ಆಗ ಸರ್ಕಾರ ಕೊಡುತ್ತಿದ್ದದ್ದು ಒಂದು ಮೊಟ್ಟೆಗೆ ಎಲ್ಲ ಸೇರಿ 6 ರೂಪಾಯಿ, ಚಳಿಗಾಲದಲ್ಲಿ ನಮ್ಮೂರ ಅಂಗಡಿಯಲ್ಲಿ ಮೊಟ್ಟೆಗೇ ಆರೂವರೆ. ಸುತ್ತಲಿನ ಮೂರು ಶಾಲೆಯವರು ಮಾತಾಡಿಕೊಂಡು ಹೋಲ್‌ಸೇಲ್‌ನವರಿಂದ ಒಟ್ಟಿಗೆ ಟ್ರೇ ತರಿಸಿದೆವು. ಆದರೂ ಕೆಲವು ತಿಂಗಳು ಜೇಬಿನಿಂದ ಹೋಯಿತು. ಮಕ್ಕಳ ತಟ್ಟೆಯ ಮೊಟ್ಟೆಗೆ ಮೇಷ್ಟ್ರು ಕೈಯಿಂದ ಹಾಕಬೇಕಾದ ಸ್ಥಿತಿ ಬರಬಾರದು, ಮಾರುಕಟ್ಟೆ ಏರಿದ ಹಾಗೆ ದರವೂ ಏರಬೇಕು.

ಕಾಂಪೌಂಡು ಕಟ್ಟಿಸಲು ಪಂಚಾಯಿತಿಗೆ ಹೋದಾಗ ಹೊಸ ವಿಷಯ ತಿಳಿಯಿತು. ನರೇಗಾದಲ್ಲಿ ಮಾಡಿಕೊಡುತ್ತೇವೆ, ಪಹಣಿ ತನ್ನಿ ಎಂದರು. ತೆಗೆಸಿ ನೋಡಿದರೆ ಶಾಲೆಯ ಒಂದು ಎಕರೆ ಇನ್ನೂ ದಾನ ಕೊಟ್ಟವರ ತಾತನ ಹೆಸರಿನಲ್ಲಿ! ಆ ಕಾಲದಲ್ಲಿ ಬಾಯಿಮಾತಿನಲ್ಲಿ ಕೊಟ್ಟದ್ದು. ಮೂರು ಜನ ಮೊಮ್ಮಕ್ಕಳು, ಒಬ್ಬರು ಬೆಂಗಳೂರಿನಲ್ಲಿ. ಒಂದೂವರೆ ವರ್ಷ ಅವರ ಮನೆಗೆ ಓಡಾಡಿದೆ. ಹಿರಿಯವರು ಮೊದಲ ದಿನವೇ ಒಪ್ಪಿದ್ದರು, ಕಿರಿಯವರು ರಸ್ತೆ ಬದಿಯ ಜಾಗ ಎಂದು ಹಿಂದೇಟು ಹಾಕಿದರು. ಕೊನೆಗೆ ಅಧ್ಯಕ್ಷರು, ಅಡುಗೆಯ ಆಯಮ್ಮ, ನಾನು ಮೂವರೂ ಹೋಗಿ ಕೂತೆವು. ಆಯಮ್ಮ ಒಂದೇ ಮಾತು ಹೇಳಿದರು: “ನೀನು ಇದೇ ಸ್ಕೂಲಲ್ಲಿ ಓದಿದ್ದು ಕಣಪ್ಪ, ನಿನ್ನ ಸ್ಲೇಟು ಒಡೆದಾಗ ನಾನೇ ನನ್ನ ಮಗಂದು ಕೊಟ್ಟಿದ್ದೆ.” ಮುಂದಿನ ವಾರ ದಾನಪತ್ರ ನೋಂದಣಿಯಾಯಿತು. ಪಹಣಿಯಲ್ಲಿ ಶಾಲೆಯ ಹೆಸರು ಬಂದ ದಿನ ಅದರ ಪ್ರತಿಯನ್ನು ಹಲಗೆಗೆ ಅಂಟಿಸಿದೆವು.

2024ರಲ್ಲಿ ನನಗೆ ವರ್ಗಾವಣೆಯಾಯಿತು. ಚಾರ್ಜ್ ಕೊಡುವ ದಿನ ದಾಖಲಾತಿ 112, ನಗದು ಪುಸ್ತಕದಲ್ಲಿ ದಾನಿಗಳ ಹಣ 1,846 ರೂಪಾಯಿ ಉಳಿಕೆ, ಕಾಂಪೌಂಡು ಮೂರು ಕಡೆ ಮುಗಿದು ನಾಲ್ಕನೇ ಕಡೆ ಪಾಯ ತೋಡಿತ್ತು. ಈಗಿರುವ ಶಾಲೆಯಲ್ಲಿ 61 ಮಕ್ಕಳು. ಬಂದ ವಾರವೇ ಎರಡು ಕೆಲಸ ಮಾಡಿದೆ: ಗೋದಾಮಿನಲ್ಲಿ ಬಿದ್ದಿದ್ದ ಹಲಗೆಗೆ ಕಪ್ಪು ಬಣ್ಣ ಬಳಿಸಿದೆ, ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದೆ. ಇಲ್ಲಿಯೂ ಜಾಗ ಬೇರೆಯವರ ಹೆಸರಿನಲ್ಲೇ ಇದೆ.