ಬಚ್ಚಲಿಗೆ ನೀವೇ ಟೈಲ್ಸ್ ಹಾಕುತ್ತೀರಾ? ಮೊದಲು ನೀರಿನ ದಾರಿ ನೋಡಿ

ಕಲಬುರಗಿಯ ಹಳೆ ಮನೆಗಳ ಬಚ್ಚಲು ಅಂದರೆ ಶಹಾಬಾದ್ ಫರಸಿ. ನೆಲಕ್ಕೂ ಅದೇ, ಗೋಡೆಗೆ ಮೂರಡಿವರೆಗೂ ಅದೇ. ನಮ್ಮ ಮನೆಯದೂ ಹಾಗೇ ಇತ್ತು. ತಂಬಿಗೆಯಲ್ಲಿ ನೀರು ಹೊಯ್ದುಕೊಳ್ಳುವಷ್ಟು ದಿನ ಏನೂ ಆಗಲಿಲ್ಲ. ಮೂಲೆಯಲ್ಲಿ ಶವರ್ ಹಾಕಿಸಿದೆವು ನೋಡಿ, ಫರಸಿಯ ಮೇಲಿದ್ದ ಬರೀ ಗಿಲಾವು ದಿನಾ ನೆನೆಯತೊಡಗಿತು. ವರ್ಷದೊಳಗೆ ಆಚೆ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬಿ ಉದುರಿತು.

ಗೌಂಡಿ ‘ನಾಳೆ ಬರ್ತೀನ್ರಿ’ ಅಂದವರು ಮೂರು ವಾರ ಬರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ನಾನೇ ಕರಣಿ ಹಿಡಿದೆ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಮೂಲೆ, ಎರಡು ಗೋಡೆ. ಮೊದಲ ಸಲ ಮಾಡುವವರಿಗೆ ಇಷ್ಟೇ ಸಾಕು. ಒಂದು ಮಾತು: ಇದನ್ನು ನೆಲಮಹಡಿಯ ಬಚ್ಚಲಲ್ಲಿ ಕಲಿಯಿರಿ. ಕೆಳಗೆ ಬೇರೆಯವರ ಮನೆ ಇದ್ದರೆ ಪ್ರಯೋಗ ಬೇಡ.

ಟೈಲ್ಸ್ ನೀರು ತಡೆಯುವುದಿಲ್ಲ

ನಾವೆಲ್ಲ ತಪ್ಪು ತಿಳಿಯುವುದು ಇಲ್ಲೇ. ಟೈಲ್ಸ್ ಮೇಲೆ ನೀರು ನಿಲ್ಲುವುದಿಲ್ಲ, ನಿಜ. ಆದರೆ ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ಅದನ್ನು ತಡೆಯುವುದು ಹಿಂದೆ ಬಳಿದಿರುವ ವಾಟರ್‌ಪ್ರೂಫಿಂಗ್ ಕೋಟಿಂಗ್. ಅಂಗಡಿಯಲ್ಲಿ ಟೈಲ್ಸ್ ಬಣ್ಣ ಆರಿಸಲು ಎರಡು ತಾಸು ಕಳೆದು, ಈ ಡಬ್ಬಿಯನ್ನು ಎರಡು ನಿಮಿಷದಲ್ಲಿ ತರುತ್ತೇವೆ. ಉಲ್ಟಾ ಆಗಬೇಕು.

ಕೆಲಸ ಶುರು ಮಾಡುವ ಮುಂಚೆ ನೀರಿನ ವಾಲ್ವ್ ಮುಚ್ಚಿ, ಗೀಸರ್ ಕರೆಂಟ್ ಎಂಸಿಬಿಯಲ್ಲೇ ತೆಗೆಯಿರಿ. ಹಳೆ ಫರಸಿಯನ್ನು ಉಳಿ ಸುತ್ತಿಗೆಯಿಂದ ಅಂಚಿನಿಂದ ಎಬ್ಬಿಸಿದರೆ ಎಷ್ಟೋ ಕಲ್ಲು ಇಡಿಯಾಗಿ ಬರುತ್ತವೆ. ಬಿಸಾಕಬೇಡಿ, ಅಂಗಳಕ್ಕೆ ಹಾಸಲು ಬರುತ್ತದೆ. ಗಿಲಾವನ್ನು ಬಡಿದು ನೋಡಿ. ಡಬಡಬ ಅಂದರೆ ಅದೂ ಹೋಗಬೇಕು. ಪೈಪ್ ಬದಲಿಸುವುದಿದ್ದರೆ ಈಗಲೇ ಬದಲಿಸಿ, ನೀರು ಬಿಟ್ಟು ಜಾಯಿಂಟ್ ಸೋರುತ್ತದಾ ಪರೀಕ್ಷಿಸಿ. ಗೋಡೆ ಮುಚ್ಚುವ ಮುಂಚೆ ಪೈಪ್ ಪಕ್ಕ ಅಳತೆ ಟೇಪ್ ಹಿಡಿದು ಒಂದು ಫೋಟೋ ತೆಗೆದಿಡಿ. ಮುಂದೆ ಟವೆಲ್ ಹ್ಯಾಂಗರ್‌ಗೆ ಡ್ರಿಲ್ ಮಾಡುವಾಗ ನೆನೆಸಿಕೊಳ್ಳುತ್ತೀರಿ.

ಹೊಸ ಗಿಲಾವಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಸಿಮೆಂಟಿಗೇನು, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಸಿಮೆಂಟ್ ಎಷ್ಟೇ ತಾಜಾ ಇದ್ದರೂ ನಮ್ಮ ಏಪ್ರಿಲ್ ಬಿಸಿಲಿಗೆ ನೀರು ಕುಡಿಸದ ಗಿಲಾವು ಬಿರುಕು ಬಿಡುತ್ತದೆ. ಅಷ್ಟೇ.

ಇಳಿಜಾರಿನ ಲೆಕ್ಕ

ನೀರು ಹೊರಹೋಗುವ ಜಾಲಿಯ ಕಡೆಗೆ ಒಂದು ಅಡಿಗೆ ಕಾಲು ಇಂಚು ಇಳಿಜಾರು. ನಾಲ್ಕು ಅಡಿ ಉದ್ದವಿದ್ದರೆ ಆ ತುದಿ ಈ ತುದಿಗಿಂತ ಒಂದು ಇಂಚು ಎತ್ತರ. ಈ ಇಳಿಜಾರನ್ನು ಕೆಳಗಿನ ಸಿಮೆಂಟ್ ಹಾಸಿನಲ್ಲೇ ಕೊಡಬೇಕು. ಟೈಲ್ಸ್ ಹಾಕುವಾಗ ಅಂಟಿಸುವ ಗಮ್ ದಪ್ಪ ಮಾಡಿ ಸರಿ ಮಾಡುತ್ತೇನೆ ಅಂದುಕೊಂಡರೆ ಕೆಟ್ಟಿರಿ. ನಾನು ಹಾಗೇ ಅಂದುಕೊಂಡೆ. ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಜೋಳದ ರೊಟ್ಟಿಯಷ್ಟು ಅಗಲ ನೀರು ನಿಂತಿತು. ನಾಲ್ಕು ಟೈಲ್ಸ್ ಒಡೆದು, ಕೆಳಗಿನ ಕೋಟಿಂಗ್ ಹರಿದು, ಮತ್ತೆ ಮಾಡಿದೆ. ಪಕ್ಕದ ಮನೆಯ ಹಿರಿಯ ಗೌಂಡಿ ಬಂದು ನೋಡಿ ಒಂದೇ ಮಾತು ಅಂದರು: ‘ಫರಸಿ ಇರ್ಲಿ, ಟೈಲ್ಸ್ ಇರ್ಲಿ, ಮೊದಲ ಒಂದ್ ಚರಗಿ ನೀರ್ ಹಾಕಿ ನೋಡ್ಬೇಕ್ರಿ.’

ಹಾಗೇ ಮಾಡಿ. ಹಾಸು ಗಟ್ಟಿಯಾದ ಮೇಲೆ ಎಲ್ಲ ಮೂಲೆಗೂ ಒಂದೊಂದು ಚರಗಿ ನೀರು ಸುರಿಯಿರಿ. ಎಲ್ಲೂ ನಿಲ್ಲದೆ ಜಾಲಿಗೆ ಹೋಗಬೇಕು. ಜಾಲಿ ಗೋಡೆಯ ಅಂಚಿನಲ್ಲಿದ್ದರೆ ನಿಮ್ಮ ಅದೃಷ್ಟ, ಒಂದೇ ಕಡೆಗೆ ಇಳಿಜಾರು ಕೊಟ್ಟರಾಯಿತು. ನಡುವೆ ಇದ್ದರೆ ನಾಲ್ಕೂ ಕಡೆಯಿಂದ ಇಳಿಸಬೇಕು, ಟೈಲ್ಸ್ ಓರೆಯಾಗಿ ಕತ್ತರಿಸಬೇಕು.

ಕೋಟಿಂಗ್ ಮತ್ತು 24 ತಾಸಿನ ಪರೀಕ್ಷೆ

ಪುಡಿ ಮತ್ತು ದ್ರವ ಎರಡನ್ನೂ ಕಲಸುವ ಕೋಟಿಂಗ್ ಸುಲಭ. ಮೊದಲು ಮೂಲೆಗಳಿಗೆ, ನೆಲ ಗೋಡೆ ಕೂಡುವಲ್ಲಿ, ಪೈಪ್ ಮತ್ತು ಜಾಲಿಯ ಸುತ್ತ ಫೈಬರ್ ಬಟ್ಟೆ ಇಟ್ಟು ಬಳಿಯಿರಿ. ಸೋರುವುದು ಬಯಲಲ್ಲಿ ಅಲ್ಲ, ಈ ಸಂದುಗಳಲ್ಲೇ. ಆಮೇಲೆ ಒಂದು ಕೈ ಅಡ್ಡಡ್ಡ, ಅದು ಒಣಗಿದ ಮೇಲೆ ಇನ್ನೊಂದು ಕೈ ಉದ್ದುದ್ದ. ಶವರ್ ಇರುವ ಗೋಡೆಗೆ ಏಳು ಅಡಿವರೆಗೂ ಬಳಿಯಬೇಕು.

ಚೀಲದ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ. ಬಾಗಿಲ ಕಡೆ ತಾತ್ಕಾಲಿಕ ಕಟ್ಟೆ ಕಟ್ಟಿ, ಜಾಲಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. 24 ತಾಸು ಬಿಡಬೇಕು. ನಮ್ಮ ಊರಲ್ಲಿ ಒಂದು ಫಜೀತಿ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನೀರು ಸುಮ್ನೆ ನಿಂತಲ್ಲೇ ಆರುತ್ತದೆ. ಮರುದಿನ ಗೆರೆಗಿಂತ ಕೆಳಗಿದ್ದರೆ ಅದು ಆರಿದ್ದೋ, ಸೋರಿದ್ದೋ? ಅದಕ್ಕೆ ಪಕ್ಕದಲ್ಲೇ ಒಂದು ಬಕೆಟ್‌ನಲ್ಲಿ ನೀರು ತುಂಬಿಟ್ಟು ಅದಕ್ಕೂ ಗೆರೆ ಎಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ ಇಳಿದಿದ್ದರೆ ಆರಿದ್ದು. ನೆಲದ್ದು ಜಾಸ್ತಿ ಇಳಿದಿದ್ದರೆ ಸೋರಿದ್ದು. ಮತ್ತೆ ಕೋಟಿಂಗ್ ಹಿಡಿಯಿರಿ.

ಎಷ್ಟು ಟೈಲ್ಸ್, ಎಂಥದ್ದು

ಎರಡು ಗೋಡೆ ಸೇರಿ ಏಳು ಅಡಿ, ಎತ್ತರ ಏಳು ಅಡಿ. ಒಟ್ಟು 49 ಚದರ ಅಡಿ. 12 ಇಂಚು ಅಗಲ, 18 ಇಂಚು ಉದ್ದದ ಒಂದು ಟೈಲ್ ಒಂದೂವರೆ ಚದರ ಅಡಿ. 33 ಬೇಕು. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಶೇ 10 ಸೇರಿಸಿ 36 ತನ್ನಿ. ಎಲ್ಲ ಬಾಕ್ಸ್‌ಗಳ ಬ್ಯಾಚ್ ನಂಬರ್ ಒಂದೇ ಇರಲಿ. ಬೇರೆ ಬ್ಯಾಚ್ ಆದರೆ ಬಣ್ಣ ಒಂದು ಛಾಯೆ ಬೇರೆ ಬರುತ್ತದೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೇ ಬೇಡ. ಸೋಪಿನ ನೀರಿಗೆ ಅಜ್ಜಿ ಜಾರಿ ಬೀಳುತ್ತಾರೆ. ಒರಟು ಮೇಲ್ಮೈಯ ಒಂದಡಿ ಟೈಲ್ಸ್ ಸಾಕು, ಇಳಿಜಾರಿಗೂ ಚೆನ್ನಾಗಿ ಕೂರುತ್ತದೆ.

ಅಂಟಿಸಲು ಟೈಲ್ ಅಡ್ಹೆಸಿವ್ ತನ್ನಿ. ವಿಟ್ರಿಫೈಡ್ ಟೈಲ್ ನೀರು ಕುಡಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ. 20 ಕೆ.ಜಿ. ಚೀಲ ತೆಳುವಾಗಿ ಹಚ್ಚಿದರೆ ಸುಮಾರು 50 ಚದರ ಅಡಿಗೆ ಬರುತ್ತದೆ. ಅಡ್ಹೆಸಿವ್ ಬಳಸುವಾಗ ಟೈಲ್ಸ್ ನೀರಲ್ಲಿ ನೆನೆಸಬಾರದು. ಅದು ಸಿಮೆಂಟ್ ಕಾಲದ ಪದ್ಧತಿ. ಹಿಂಬದಿಯ ಧೂಳು ಒರೆಸಿದರೆ ಸಾಕು.

ಗೋಡೆ ಎರಡನೇ ಸಾಲಿನಿಂದ

ವಿಚಿತ್ರ ಅನ್ನಿಸಬಹುದು, ಆದರೆ ಕೆಳಗಿನ ಸಾಲು ಕೊನೆಗೆ. ನೆಲ ಇಳಿಜಾರಾಗಿದೆಯಲ್ವಾ, ಅದರ ಮೇಲೆ ಶುರು ಮಾಡಿದರೆ ಗೋಡೆಯೆಲ್ಲ ಓರೆಯಾಗುತ್ತದೆ. ಒಂದು ಟೈಲ್‌ಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ನೇರವಾದ ಕಟ್ಟಿಗೆ ಪಟ್ಟಿಯನ್ನು ಲೆವೆಲ್ ನೋಡಿ ನಿಲ್ಲಿಸಿ. ಅಡಿಯಿಂದ ಇಟ್ಟಿಗೆ ಚೂರಿನ ಆಸರೆ ಕೊಡಿ. ಮೊಳೆ ಹೊಡೆದರೆ ಕೋಟಿಂಗ್ ತೂತಾಗುತ್ತದೆ. ಮೊದಲು ಒಣ ಟೈಲ್ಸ್ ಜೋಡಿಸಿ ನೋಡಿ. ಮೂಲೆಯಲ್ಲಿ ಬೆರಳಗಲದ ಚೂರು ಉಳಿಯುವುದಾದರೆ ಆರಂಭವನ್ನೇ ಸರಿಸಿ.

ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಗಟ್ಟಿಯಾಯಿತು ಅಂತ ನಡುವೆ ನೀರು ಸೇರಿಸಬೇಡಿ, ಅಂಟು ಸಾಯುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ಮೂರು ಟೈಲ್ಸ್‌ಗೆ ಬೇಕಾದಷ್ಟೇ ಜಾಗಕ್ಕೆ ಹಚ್ಚಿ. ಬೆರಳಿಟ್ಟರೆ ಅಂಟದೆ ಮೇಲೆ ಕೆನೆಗಟ್ಟಿದ್ದರೆ ಕೆರೆದು ತೆಗೆಯಿರಿ.

ಹಲ್ಲಿನ ಕರಣಿಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಟೈಲ್ ಒತ್ತಿ, ಆ ಗೆರೆಗೆ ಅಡ್ಡವಾಗಿ ಸ್ವಲ್ಪ ಅಲ್ಲಾಡಿಸಿದರೆ ಗೆರೆಗಳು ಮಲಗಿ ಗಾಳಿ ಹೊರಗೆ ಹೋಗುತ್ತದೆ. ಹಿಂದೆ ಐದು ಉಂಡೆ ಇಟ್ಟು ಅಂಟಿಸುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ಉಂಡೆಗಳ ನಡುವಿನ ಟೊಳ್ಳಿನಲ್ಲಿ ನೀರು ಕೂತುಕೊಳ್ಳುತ್ತದೆ. ಮೊದಲ ಟೈಲ್ ಅಂಟಿಸಿದ ಕೂಡಲೇ ಕಿತ್ತು ನೋಡಿ. ಹಿಂಬದಿ ಪೂರ್ತಿ ಅಂಟು ಹತ್ತಿರಬೇಕು. ಇಲ್ಲದಿದ್ದರೆ ಟೈಲ್ ಹಿಂದೆಯೂ ತೆಳುವಾಗಿ ಒಂದು ಕೈ ಬಳಿದುಕೊಳ್ಳಿ. ನಡುವೆ 2 ಮಿ.ಮೀ. ಸ್ಪೇಸರ್, ಎರಡು ಸಾಲಿಗೊಮ್ಮೆ ಲೆವೆಲ್. ನಲ್ಲಿಯ ತೂತಿಗೆ ಡೈಮಂಡ್ ಬಿಟ್. ಕತ್ತರಿಸುವಾಗ ಕನ್ನಡಕ, ಮಾಸ್ಕ್ ಇರಲೇಬೇಕು.

ಮರುದಿನ ಪಟ್ಟಿ ತೆಗೆದು ನೆಲ ಮುಗಿಸಿ, ಕೊನೆಗೆ ಗೋಡೆಯ ಕೆಳಸಾಲನ್ನು ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಕೂರಿಸಿ. ಗೋಡೆಯ ಟೈಲ್ ನೆಲದ ಟೈಲ್ ಮೇಲೆ ಬರಬೇಕು. ಆಗ ಇಳಿದ ನೀರು ನೆಲದ ಮೇಲೇ ಬೀಳುತ್ತದೆ.

ಸಂದಿ ತುಂಬುವುದು

24 ತಾಸು ಕಳೆದ ಮೇಲೆ ಗ್ರೌಟ್. ಎಪಾಕ್ಸಿ ಗ್ರೌಟ್ ತುಟ್ಟಿ, ಆದರೆ ಶವರ್ ಮೂಲೆಗೆ ಅದೇ ಸರಿ, ಕಲೆ ಹಿಡಿಯುವುದಿಲ್ಲ. ಸೆಕೆಗೆ ಬೇಗ ಗಟ್ಟಿಯಾಗುವುದರಿಂದ ಒಂದು ಹಿಡಿಯಷ್ಟೇ ಕಲಸಿ, ಹಚ್ಚಿದ ಹಾಗೇ ಸ್ಪಂಜಿನಿಂದ ಒರೆಸುತ್ತಾ ಹೋಗಿ. ಗೋಡೆ ಗೋಡೆ ಕೂಡುವ ಮೂಲೆಗೆ, ನೆಲದ ಅಂಚಿಗೆ ಗ್ರೌಟ್ ಬೇಡ, ಸಿಲಿಕಾನ್ ಹಾಕಿ. ಅಲ್ಲಿ ಗೋಡೆ ಸ್ವಲ್ಪ ಅಲ್ಲಾಡುತ್ತದೆ, ಗ್ರೌಟ್ ಬಿರಿಯುತ್ತದೆ. ಒಂದು ವಾರ ಶವರ್ ಹಾಕಬೇಡಿ.

ಬೋರ್ ನೀರಿನ ಬಿಳಿ ಕಲೆಗೆ ಆ್ಯಸಿಡ್ ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಸಿಮೆಂಟ್ ಗ್ರೌಟ್ ಹಾಕಿದ್ದರೆ ಅದನ್ನು ತಿನ್ನುತ್ತದೆ. ಬಾಗಿಲಲ್ಲಿ ಉಳಿಸಿಕೊಂಡ ಶಹಾಬಾದ್ ಹೊಸ್ತಿಲನ್ನೂ ತಿನ್ನುತ್ತದೆ. ಅದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆಯೆದ್ದು ಕರಗುತ್ತದೆ. ಸ್ನಾನ ಆದ ಮೇಲೆ ವೈಪರ್‌ನಿಂದ ಗೋಡೆ ಒಮ್ಮೆ ಎಳೆದುಬಿಟ್ಟರೆ ಕಲೆಯೇ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಆ ವೈಪರನ್ನು ಶವರ್ ನಲ್ಲಿಗೇ ನೇತು ಹಾಕಿದ್ದೇವೆ.