ನೂರು ಸಿಸಿ ಗೆರೆ ದಾಟದಂತೆ ಆರ್‌ಎಕ್ಸ್ 100 ಎಂಜಿನ್ ಕಟ್ಟುವುದು

ಯಮಹಾ ಆರ್‌ಎಕ್ಸ್ 100 ಎಂಬ ಟೂ ಸ್ಟ್ರೋಕ್ ಬೈಕಿನ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೂಡ 50 ಮಿ.ಮೀ. ಲೆಕ್ಕ ಹಾಕಿದರೆ 98.17 ಸಿಸಿ. ರೇಸಿನ 100 ಸಿಸಿ ಕ್ಲಾಸಿಗೆ ಇದನ್ನು ತಯಾರು ಮಾಡುವಾಗ ನಮಗೆ ಉಳಿಯುವುದು ಎರಡು ಸಿಸಿಗಿಂತ ಕಡಿಮೆ. 0.25 ಮಿ.ಮೀ. ಓವರ್‌ಸೈಜಿಗೆ, ಅಂದರೆ ಅಷ್ಟು ದೊಡ್ಡ ಪಿಸ್ಟನ್ನಿಗೆ, ಬೋರ್ ಮಾಡಿಸಿದರೆ 99.16 ಸಿಸಿ, 0.50ಕ್ಕೆ ಮಾಡಿಸಿದರೆ 100.15. ಅಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎರಡನೇ ಓವರ್‌ಸೈಜ್ ಪಿಸ್ಟನ್ನೇ ಗಾಡಿಯನ್ನು ಕ್ಲಾಸಿನಿಂದ ಹೊರಗೆ ಹಾಕುತ್ತದೆ. "ಪಾಯಿಂಟ್ ಐದು ತಾನೆ ಸಾರ್, ಯಾರ್ ನೋಡ್ತಾರೆ" ಅನ್ನುವವರು ಎಲ್ಲ ಗ್ಯಾರೇಜಿನಲ್ಲೂ ಇದ್ದಾರೆ. ಎದುರಾಳಿ ಪ್ರೊಟೆಸ್ಟ್ (ಆಕ್ಷೇಪ) ಹಾಕಿದರೆ ಹೆಡ್ ಬಿಚ್ಚಿಸಿ ನೋಡುತ್ತಾರೆ. 50 ಸ್ಟ್ರೋಕಿಗೆ ಬೋರಿನ ಕೊನೆಯ ಗಡಿ 50.46 ಮಿ.ಮೀ.; ಈ ಒಂದು ಅಂಕಿ ಗೋಡೆ ಮೇಲೆ ಬರೆದಿಟ್ಟುಕೊಂಡರೆ ಸಾಕು.

ಎಲ್ಲಕ್ಕಿಂತ ಮೊದಲು ನಿಯಮ ಓದಬೇಕು. ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ಪರವಾನಗಿಯ ರೇಸಾದರೆ ಅವರ ತಾಂತ್ರಿಕ ನಿಯಮದ ಜೊತೆಗೆ ಆಯೋಜಕರು ಕೊಡುವ ಪೂರಕ ನಿಯಮಗಳನ್ನೂ ನೋಡಿ. ಓವರ್‌ಬೋರಿಗೆ ರಿಯಾಯಿತಿ ಇದೆಯೇ, ಕಾರ್ಬುರೇಟರ್ ಕಂಪನಿಯದ್ದೇ ಇರಬೇಕೇ, ಪೋರ್ಟಿಗೆ (ಸಿಲಿಂಡರ್ ಗೋಡೆಯ ಕಿಟಕಿಗೆ) ಕೈ ಹಾಕಬಹುದೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ನಾನು ಹೇಳುತ್ತಿರುವುದು ಸ್ಟ್ರೋಕ್ ಮತ್ತು ಕಾರ್ಬುರೇಟರ್ ಮೂಲದ್ದೇ ಇರಬೇಕು, ಹೆಡ್, ಪೋರ್ಟ್, ಸೈಲೆನ್ಸರ್, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬದಲಿಸಬಹುದು ಎನ್ನುವ ಮಾಡಿಫೈಡ್ ಕ್ಲಾಸಿನ ಕೆಲಸ.

ಪಿಸ್ಟನ್ ಕೈಗೆ ಬಂದ ಮೇಲೆಯೇ ಬ್ಲಾಕನ್ನು (ಸಿಲಿಂಡರನ್ನು) ಲೇತಿಗೆ ಒಯ್ಯಬೇಕು. ಪಿಸ್ಟನ್ ತಲೆಯ ಮೇಲೆ 0.25 ಎಂದು ಗುದ್ದಿದ್ದರೂ ಮೈಕ್ರೋಮೀಟರಿನಲ್ಲಿ 50.20, 50.21 ಬರುವುದು ಸಾಮಾನ್ಯ. ಅಳೆಯಬೇಕಾದ್ದು ಸ್ಕರ್ಟಿನ (ಪಿಸ್ಟನ್ನಿನ ಕೆಳಗೋಡೆಯ) ಕೆಳಗಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿಗೆ ಅಡ್ಡವಾಗಿ. ಆ ಅಳತೆಗೆ 0.05 ಸೇರಿಸಿ ಬೋರ್ ಮಾಡಿಸುತ್ತೇನೆ. ರಸ್ತೆ ಗಾಡಿಗೆ ಇದು ಸ್ವಲ್ಪ ಸಡಿಲವೇ. ಆದರೆ ಏರ್‌ಕೂಲ್ಡ್ ಎಂಜಿನ್ ಏಪ್ರಿಲ್ ಬಿಸಿಲಲ್ಲಿ ಫುಲ್ ಥ್ರಾಟಲ್ ಓಡುವಾಗ ಪಿಸ್ಟನ್ ಹಿಗ್ಗಿ ಹಿಡಿಯುವುದಕ್ಕಿಂತ ತಣ್ಣಗಿದ್ದಾಗ ಕಟಕಟ ಅನ್ನುವುದು ಲೇಸು. ಕೊನೆಯ 0.02 ಮಿ.ಮೀ. ಬೋರಿಂಗ್ ಬಾರಿನಲ್ಲಲ್ಲ, ಹೋನಿಂಗಿನಲ್ಲಿ (ಕಲ್ಲಿನಿಂದ ಉಜ್ಜುವುದರಲ್ಲಿ) ಹೋಗಬೇಕು. ಪಿಸ್ಟನ್ ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) 0.20ರಿಂದ 0.25 ಮಿ.ಮೀ. ಇರಲಿ.

ಬೋರ್ ಗಡಿ ದಾಟಿರುವ ಹಳೆಯ ಬ್ಲಾಕಾದರೆ ಹೊಸ ಲೈನರ್ (ಸಿಲಿಂಡರಿನ ಒಳಗಿನ ಕೊಳವೆ) ಹೊಡೆಸಿ 50ಕ್ಕೆ ವಾಪಸ್ ತರಬೇಕು. ಇಲ್ಲಿ ಬೆರಳು ತೂರಿಸಿ ನೋಡಿ: ಲೈನರಿನ ಕಿಟಕಿಯೂ ಅಲ್ಯೂಮಿನಿಯಂ ದಾರಿಯೂ ಕೂಡುವಲ್ಲಿ ಒಂದು ಮೆಟ್ಟಿಲು ಸಿಗುತ್ತದೆ. ಪೆಟ್ರೋಲ್-ಗಾಳಿ ಒಳಬರುವ ಟ್ರಾನ್ಸ್‌ಫರ್ ಪೋರ್ಟಿನಲ್ಲಿ ಆ ಮೆಟ್ಟಿಲನ್ನು ಬಿಟ್ಟು ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟನ್ನು ಎಷ್ಟು ಹೊಳಪು ಮಾಡಿದರೂ ಪ್ರಯೋಜನವಿಲ್ಲ.

ಪೋರ್ಟ್ ಎತ್ತರವನ್ನು ಅಂದಾಜಿನಲ್ಲಿ ಕೊರೆಯಬೇಡಿ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಡಯಲ್ ಗೇಜಿನಲ್ಲಿ ಟಿಡಿಸಿ (ಪಿಸ್ಟನ್ ತೀರ ಮೇಲೆ ಬರುವ ಬಿಂದು) ಹಿಡಿದು, ಎಕ್ಸಾಸ್ಟ್ ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತದೆ ಎಂದು ಬರೆದುಕೊಳ್ಳಿ. ಮಣ್ಣಿನ ಟ್ರ್ಯಾಕಿಗೆ ನನ್ನ ಗುರಿ ಕಿಟಕಿ ತೆರೆದಿರುವ ಅವಧಿ ಎಕ್ಸಾಸ್ಟ್ 180 ಡಿಗ್ರಿ ಆಸುಪಾಸು, ಟ್ರಾನ್ಸ್‌ಫರ್ 126. ಈ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಮೇಲಂಚನ್ನು 1 ಮಿ.ಮೀ. ಏರಿಸಿದರೆ ಒಟ್ಟು ಅವಧಿ ಸುಮಾರು 4.5 ಡಿಗ್ರಿ ಹೆಚ್ಚುತ್ತದೆ. ಆದ್ದರಿಂದ ಅರ್ಧ ಮಿ.ಮೀ. ಅಂದರೂ ದೊಡ್ಡ ಕೊರೆತವೇ. ಇನ್ನೂ ಏರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಕಿರುಚುತ್ತದೆ ನಿಜ, ಆದರೆ ತಿರುವಿನಿಂದ ಎದ್ದು ಬರುವಾಗ ಗಾಡಿ ಸತ್ತಂತಿರುತ್ತದೆ. ಅಗಲ 32 ಮಿ.ಮೀ. ದಾಟಿಸಬೇಡಿ, ರಿಂಗ್ ಕಿಟಕಿಯೊಳಗೆ ಉಬ್ಬಿ ಸಿಕ್ಕಿಕೊಂಡು ಮುರಿಯುತ್ತದೆ. ಕೊರೆದ ಮೇಲೆ ಎಲ್ಲ ಅಂಚನ್ನೂ ಅರ್ಧ ಮಿ.ಮೀ.ನಷ್ಟು ಮೊಂಡು ಮಾಡಿ, ಹೋನಿಂಗ್ ಮಾಡಿಸಿ, ಸೋಪಿನ ನೀರಲ್ಲಿ ತೊಳೆಯಬೇಕು. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಕಲ್ಲಿನ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರುವುದು ನಿಲ್ಲುವ ತನಕ ತೊಳೆಯಿರಿ.

ಹೆಡ್ಡಿಗೆ ಹೋಗುವ ಮುಂಚೆ ಸ್ಕ್ವಿಶ್ (ಟಿಡಿಸಿಯಲ್ಲಿ ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವಿನ ಸಂದು) ಅಳೆಯಿರಿ. 2 ಮಿ.ಮೀ. ದಪ್ಪದ ಸಾಲ್ಡ್ರಿಂಗ್ ತಂತಿಯ ಎರಡು ತುಂಡನ್ನು ಪಿಸ್ಟನ್ ತಲೆಯ ಮೇಲೆ, ಪಿನ್ನಿನ ನೇರದಲ್ಲಿ, ಎರಡೂ ಬದಿ ಅಂಚಿಗೆ ಗ್ರೀಸಿನಲ್ಲಿ ಅಂಟಿಸಿ ಹೆಡ್ ಬಿಗಿ ಮಾಡಿ ಒಂದು ಸುತ್ತು ತಿರುಗಿಸಬೇಕು. ಪಿನ್ನಿಗೆ ಅಡ್ಡವಾಗಿ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಚಪ್ಪಟೆಯಾದ ತಂತಿ 1.6 ತೋರಿಸಿತು ಅಂದುಕೊಳ್ಳಿ, ಹೆಡ್ಡಿನ ಮುಖವನ್ನು ಲೇತಿನಲ್ಲಿ 0.7 ಕೆರೆಸಿದರೆ, ಅಂದರೆ ಫೇಸಿಂಗ್ ಮಾಡಿಸಿದರೆ, 0.9 ಉಳಿಯುತ್ತದೆ. ನಮ್ಮ ಕಡೆ ಹಳೆಯ ಶೆಡ್ಡುಗಳಲ್ಲಿ ಹರಿಹರದ ಕಿರ್ಲೋಸ್ಕರ್ ಲೇತ್ ಇನ್ನೂ ಸಿಗುತ್ತದೆ. ಬೆಡ್ ಸವೆಯದಿದ್ದರೆ ಈ ಕೆಲಸಕ್ಕೆ ಅದು ಧಾರಾಳ ಸಾಕು. ಹೆಡ್ಡನ್ನು ಪ್ಲಗ್ಗಿನ ಥ್ರೆಡ್ಡಿಗೆ ಮ್ಯಾಂಡ್ರೆಲ್ ಹಾಕಿ ಹಿಡಿಸಿ, ಫಿನ್ನಿಗೆ ಚಕ್ ಹಿಡಿಸಿದರೆ ಓರೆಯಾಗುತ್ತದೆ. 0.6ಕ್ಕಿಂತ ಕಡಿಮೆ ಬಿಟ್ಟರೆ ಕನೆಕ್ಟಿಂಗ್ ರಾಡ್ ಹಿಗ್ಗಿದಾಗ ಪಿಸ್ಟನ್ ಹೆಡ್ಡಿಗೆ ಬಡಿಯುವ ಅಪಾಯವಿದೆ.

50 ಬೋರಿನಲ್ಲಿ ಪ್ರತಿ ಅರ್ಧ ಮಿ.ಮೀ. ಫೇಸಿಂಗ್ ಸುಮಾರು 1 ಸಿಸಿ ಚೇಂಬರ್ ತಿನ್ನುತ್ತದೆ. ಎಲ್ಲ ಜೋಡಿಸಿದ ಮೇಲೆ ಟಿಡಿಸಿಯಲ್ಲಿ ನಿಲ್ಲಿಸಿ, ಪ್ಲಗ್ ತೂತು ನೆಟ್ಟಗೆ ಮೇಲಕ್ಕಿರುವಂತೆ ಓರೆ ಮಾಡಿ, ಮೆಡಿಕಲ್ ಶಾಪಿನ ಸಿರಿಂಜಿನಿಂದ ತೆಳು ಎಣ್ಣೆ ತುಂಬಿ. ಅರ್ಧ ಇಂಚು ಉದ್ದದ ಥ್ರೆಡ್ಡಿನ ಪ್ಲಗ್ ತೂತಿಗೆಂದು 2 ಸಿಸಿ ಕಳೆಯಿರಿ. ಉಳಿದದ್ದು 10.5 ಸಿಸಿ ಆದರೆ ಎಂಜಿನ್ನಿನ 99.2ರ ಜೊತೆ ಕೂಡಿಸಿ 10.5ರಿಂದಲೇ ಭಾಗಿಸಿದಾಗ ಕಂಪ್ರೆಶನ್ 10.4ಕ್ಕೆ 1. ಬಂಕಿನ ಪೆಟ್ರೋಲಿಗೆ ನಾನು 11ರ ಮೇಲೆ ಹೋಗುವುದಿಲ್ಲ. ಕಂಪ್ರೆಶನ್ ಏರಿಸಿದವರು ಇಗ್ನಿಶನ್ನನ್ನು (ಪ್ಲಗ್ ಕಿಡಿ ಹಾರಿಸುವ ಹೊತ್ತನ್ನು) ಇನ್ನೂ ಮುಂಚಿತ ಮಾಡಬಾರದು. ಡಯಲ್ ಗೇಜಿನಲ್ಲಿ ಟಿಡಿಸಿಗೆ 1.8 ಮಿ.ಮೀ. ಮುಂಚೆ ಸಾಕು. ಪ್ಲಗ್ ಒಂದು ಹೆಜ್ಜೆ ತಣ್ಣನೆಯದು ಹಾಕಿ, ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ತಣ್ಣಗೆ.

ಆಯಿಲ್ ಪಂಪ್ ತೆಗೆದರೆ 5 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್. ಎಣ್ಣೆ ಹೆಚ್ಚು ಹಾಕಿದರೆ ಎಂಜಿನ್ ಉಳಿಯುತ್ತದೆ ಅನ್ನುವವರು ಒಂದು ಮಾತು ಮರೆಯುತ್ತಾರೆ: ಜೆಟ್ಟಿನಲ್ಲಿ ಎಣ್ಣೆ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ, ಮಿಕ್ಸ್ಚರ್ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದು).

ಟೂ ಸ್ಟ್ರೋಕ್ ಸಾಯುವುದು ಜೆಟ್ಟಿಂಗಿನಲ್ಲೇ. ದೊಡ್ಡ ಮೇನ್ ಜೆಟ್ಟಿನಿಂದ ಶುರು ಮಾಡಿ, ಮೇಲಿನ ಗೇರಿನಲ್ಲಿ ಬೊಬ್ಬೊಬ್ಬೊ ಅಂತ ತಡವರಿಸುವುದು ನಿಲ್ಲುವ ತನಕ ಒಂದೊಂದೇ ಸೈಜ್ ಇಳಿಸುತ್ತ ಬನ್ನಿ. ಹೊಸ ಪ್ಲಗ್ ಹಾಕಿ, ಫುಲ್ ಥ್ರಾಟಲಿನಲ್ಲೇ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿದು ನಿಲ್ಲಿಸಿ ಬಿಚ್ಚಿದರೆ ಪಿಂಗಾಣಿಯ ಬುಡದಲ್ಲಿ ಬಿಸ್ಕತ್ ಬಣ್ಣದ ಉಂಗುರ ಕಾಣಬೇಕು. ಬೆಳ್ಳಿಯಂಥ ಸಣ್ಣ ಚುಕ್ಕೆ ಕಂಡರೆ ಪಿಸ್ಟನ್ ಕರಗತೊಡಗಿದೆ, ಅಲ್ಲಿಗೇ ನಿಲ್ಲಿಸಿ. ದಾವಣಗೆರೆಯ ಮಧ್ಯಾಹ್ನದ 40 ಡಿಗ್ರಿಯಲ್ಲಿ ಸರಿ ಮಾಡಿದ ಜೆಟ್ ಮರುದಿನ ಬೆಳಗಿನ ತಂಪಿಗೆ ಲೀನ್ ಆಗುತ್ತದೆ, ಗಾಳಿ ಐದು ಪರ್ಸೆಂಟ್ ದಟ್ಟವಾಗಿರುತ್ತದೆ. ಇಲ್ಲಿಂದ ಕರಾವಳಿಗೆ ಒಯ್ದರೂ ಅದೇ ಕಥೆ. 600 ಮೀಟರ್ ಎತ್ತರದಿಂದ ಸಮುದ್ರ ಮಟ್ಟಕ್ಕೆ ಇಳಿದಿರುತ್ತೀರಿ, ಒಂದೆರಡು ಸೈಜ್ ದೊಡ್ಡ ಜೆಟ್ ಜೇಬಿನಲ್ಲಿರಲಿ. ಚಿತ್ರದುರ್ಗ ಇನ್ನೂ ನೂರು ಮೀಟರಿನಷ್ಟು ಮೇಲಿದೆ, ಅಲ್ಲಿ ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು) ಆಗಬಹುದು, ಅದರಿಂದ ಎಂಜಿನ್ನಿಗೆ ಅಪಾಯವಿಲ್ಲ.

ಸ್ಕ್ರೂಟಿನಿಯಲ್ಲಿ (ರೇಸಿನ ತಾಂತ್ರಿಕ ತಪಾಸಣೆಯಲ್ಲಿ) ಬೋರನ್ನು ಮೇಲಂಚಿಗೆ ವರ್ನಿಯರ್ ಇಟ್ಟು ಅಳೆದರೆ, ರಿಂಗ್ ತಲುಪದ ಜಾಗದ ಕರಿ ಕೆರೆದು ಅಳೆಯಲು ಹೇಳಿ. ಬೋರ್ ಗೇಜ್ ನಿಮ್ಮದೇ ಒಯ್ದರೆ ಇನ್ನೂ ಒಳ್ಳೆಯದು. ಬಿಚ್ಚಿದ ಮೇಲೆ ತಾಮ್ರದ ಗ್ಯಾಸ್ಕೆಟ್ಟನ್ನು ಹಾಗೇ ವಾಪಸ್ ಹಾಕಬೇಡಿ, ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿದ ಮೇಲೆ ಹಾಕಿ.